ಜಾಣರಿಗೆ ಮಾತ್ರ!

ದೊಡ್ಡಪ್ಪ: (ಫಾರ್ವರ್ಡ್) ಜಾಣರಿಗೆ ಮಾತ್ರ!! ಒಂದು ಸಮದ್ವಿಬಾಹು ತ್ರಿಭುಜ. ಅದರ ಒಂದು ಕೋನ ಇನ್ನೊಂದಕ್ಕಿಂತ 30 ಡಿಗ್ರಿ ದೊಡ್ಡದು. ಮೂರೂ ಕೋನ ಹೇಳಿ 🔺

ವಿನು: 50, 50, 80. ಮುಂದಿಂದು ಕಳ್ಸಿ ದೊಡ್ಡಪ್ಪ 😎

ರೇಖಾ ಅತ್ತೆ: ಅಲ್ಲ. 40, 70, 70.

ವಿನು: ಅತ್ತೆ, ಲೆಕ್ಕ ನೋಡಿ. ಸಮ ಇರೋ ಕೋನಗಳು ಎಕ್ಸ್, ಎಕ್ಸ್. ಮೂರನೇದು ಎಕ್ಸ್ + 30. ಕೂಡಿದ್ರೆ 3 ಎಕ್ಸ್ + 30 = 180. ಎಕ್ಸ್ 50. ಮುಗೀತಲ್ಲ!

ರೇಖಾ ಅತ್ತೆ: ಸಮ ಇರೋವೇ ಚಿಕ್ಕವು ಅಂತ ಯಾರಪ್ಪಾ ಹೇಳಿದ್ದು? ನಾನು ಶೃಂಗಕೋನಾನ ಎಕ್ಸ್ ಅಂದ್ಕೊಂಡೆ, ಪಾದಕೋನ ಎರಡೂ ಎಕ್ಸ್ + 30. ಆಗ 3 ಎಕ್ಸ್ + 60 = 180, ಎಕ್ಸ್ 40. ಕೂಡಿ ನೋಡು, 180 ಬರ್ದೇ ಇದ್ರೆ ಕೇಳು.

ದೊಡ್ಡಪ್ಪ: ನಂಗೆ ಕಳ್ಸಿದವ್ರು 50 50 80 ಅಂದಿದಾರೆ. ಚಿತ್ರದಲ್ಲೂ ಮೇಲಿನ ಕೋನ ಅಗಲವಾಗೇ ಇದೆ ನೋಡ್ರಪ್ಪ.

ರೇಖಾ ಅತ್ತೆ: ಅಣ್ಣಾ, ಫೋನ್ ಮೇಲೆ ಕೋನಮಾಪಕ ಇಟ್ಟೇ ನೋಡ್ದೆ. ಮೂರೂ 60! ಯಾರೋ ಕೈಗೆ ಸಿಕ್ಕಿದ ತ್ರಿಭುಜ ಅಂಟಿಸಿದಾರೆ 🤦‍♀️

ನಾನು: ಇಬ್ರದ್ದೂ ಸರಿ. ದೊಡ್ಡ ಕೋನ ಒಂಟಿಯೋ ಜೋಡಿಯೋ ಅಂತ ಪ್ರಶ್ನೆ ಹೇಳೇ ಇಲ್ಲ. ಅದನ್ನ ನೀವಿಬ್ರೂ ಮನಸ್ಸಲ್ಲೇ ತೀರ್ಮಾನ ಮಾಡ್ಕೊಂಡು ಎಕ್ಸ್ ಬರೆದ್ರಿ. ಅಲ್ಲಿಂದಾಚೆ ಸಮೀಕರಣ ಏನು ಮಾಡತ್ತೆ ಪಾಪ, ಕೊಟ್ಟಿದ್ದನ್ನ ಬಿಡಿಸತ್ತೆ.

ವಿನು: ಅಕ್ಕ, ಹಾಗಾದ್ರೆ ಇಂಥದ್ದಕ್ಕೆಲ್ಲ ಎರಡೆರಡು ಉತ್ತರಾನಾ?

ನಾನು: ಇಲ್ಲ ಕಣೋ. 30ರ ಜಾಗದಲ್ಲಿ 90 ಹಾಕು.

ವಿನು: ನಂದು 3 ಎಕ್ಸ್ + 90 = 180. 30, 30, 120. ಓಕೆ. ಅತ್ತೇದು 3 ಎಕ್ಸ್ + 180 = 180... ಎಕ್ಸ್ ಸೊನ್ನೆ 😂😂 ಅತ್ತೆ ಔಟ್!

ರೇಖಾ ಅತ್ತೆ: ಪಾದಕೋನ ಎರಡೂ 90 ಆದ್ರೆ ಬಾಹುಗಳು ಸಮಾನಾಂತರ ಹೋಗ್ತವೆ, ಮೇಲೆ ಸೇರೋದೇ ಇಲ್ಲ. ಆದ್ರೆ ವ್ಯತ್ಯಾಸ 90ಕ್ಕಿಂತ ಕಮ್ಮಿ ಇರೋವರೆಗೂ ನನ್ನ ಉತ್ತರಾನೂ ನಿಲ್ಲತ್ತೆ. 30 ಕಮ್ಮೀನೇ ತಾನೆ?

ದೊಡ್ಡಪ್ಪ: ಅಯ್ಯೋ, ನಾನು 50 50 80 ಅಂತ ಇನ್ನೆರಡು ಗ್ರೂಪಿಗೆ ಆಗ್ಲೇ ಹಾಕ್ಬಿಟ್ಟೆ.

ರೇಖಾ ಅತ್ತೆ: ಪ್ರಶ್ನೆ ಕೆಳಗೆ "ಪಾದಕೋನಗಳೇ ಚಿಕ್ಕವು" ಅಂತ ಒಂದು ಸಾಲು ಸೇರಿಸಿ ಕಳ್ಸಣ್ಣ. ಆಗ ನಿಂದೊಂದೇ ಉತ್ತರ.