1947ರಿಂದ 1961: ಮಾರ್ಮಗೋವಾ ಬಂದರು ಮತ್ತು ನಮ್ಮ ಲೋಂಡಾ ಲೈನು

ಪ್ರಶ್ನೆ: ನವನಗರ ಮಾಸ್ತರ

ಹೈಸ್ಕೂಲ್ ಮಕ್ಕಳಿಗೆ ಗೋವಾ ವಿಮೋಚನೆ ಹೇಳೂದೈತ್ರಿ. ಪುಸ್ತಕದಾಗ ಎರಡು ಸಾಲು ಬಿಟ್ರ ಏನಿಲ್ಲ. ಹುಬ್ಬಳ್ಳಿ–ಲೋಂಡಾ ಲೈನು ಗೋವಾದ ಮಾರ್ಮಗೋವಾ ಬಂದರಿಗೇ ಹೋಗ್ತಿತ್ತಲ್ಲ, 1947ರ ನಂತರ ಅದರ ಗತಿ ಏನಾತು? 1961ರ ಡಿಸೆಂಬರ್ 19ಕ್ಕ ರೊಕ್ಕ, ಕಾನೂನು, ಪೌರತ್ವ ಎಲ್ಲಾ ಒಮ್ಮೆಲೇ ಬದಲಾದವೇನ್ರಿ?

ಉತ್ತರ: ಘಟ್ಟದ ಲೈನು

ಲೈನಿನಿಂದಲೇ ಶುರು ಮಾಡ್ರಿ ಸರ್, ಮಕ್ಕಳಿಗೆ ಲಗೂನ ತಿಳೀತೈತಿ. 1878ರ ಬ್ರಿಟಿಷ್–ಪೋರ್ಚುಗೀಸ್ ಒಪ್ಪಂದ ಇದರ ಬುನಾದಿ. ಹೆಸರಿಗೆ ಪೋರ್ಚುಗೀಸ್ ರೈಲ್ವೆ, ಕಂಪನಿ ಮಾತ್ರ ಬ್ರಿಟಿಷರದು. 1888ರ ಹೊತ್ತಿಗೆ ಕ್ಯಾಸಲ್‌ರಾಕ್‌ದಾಗ ಸದರ್ನ್ ಮರಾಠಾ ರೈಲ್ವೆಗೆ ಕೂಡಿತು. ಮೀಟರ್ ಗೇಜ್. ಘಟ್ಟದ ಮೇಲಿನ ಕ್ಯಾಸಲ್‌ರಾಕ್‌ದಿಂದ ಕೆಳಗ ಗೋವಾದ ಕುಳೆಂ ತನಕ ಇಳಿಜಾರು 37ಕ್ಕ 1 (37 ಅಡಿಗೆ ಒಂದು ಅಡಿ ಇಳಿತ), ಅಂದ್ರ ಭಾರಿ ಗಾಡಿ ಘಟ್ಟ ಹತ್ತಾಕ ಹಿಂದಿನಿಂದ ತಳ್ಳಾಕ ಒಂದು ಬ್ಯಾಂಕರ್ ಎಂಜಿನ್ ಬೇಕು. ಬಯಲುಸೀಮೆಯ ಹತ್ತಿ, ಅದಿರು ಈ ದಾರಿಲೇ ಹಡಗು ಸೇರ್ತಿದ್ವು.

1947ರಾಗ ಈ ರೈಲು ನಿಲ್ಲಲಿಲ್ಲ. ಮಕ್ಕಳು ತಪ್ಪೂದು ಇಲ್ಲೇ. ನಿಂತದ್ದು 1955ರಾಗ: ಆಗಸ್ಟ್ 15ರ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು, ಭಾರತ ಗಡಿ ಮುಚ್ಚಿತು.

ಉತ್ತರ: ಗದಗ ಅರಳೆ ಪೇಟೆ

ಒಂದು ಸೇರಿಸ್ತೇನಿ. ಗಡಿ ಮುಚ್ಚಿದ್ದರಿಂದ ಬಂದರು ಬಿದ್ದುಹೋತು ಅಂತ ದಯವಿಟ್ಟು ಕಲಿಸಬ್ಯಾಡ್ರಿ. ನಮ್ಮ ಬಯಲುಸೀಮೆಯ ಮಾಲು ತಪ್ಪಿತು ಖರೆ, ಆದ್ರ ಗೋವಾದ ಒಳಗಿನ ಗಣಿಗಳ ಕಬ್ಬಿಣದ ಅದಿರು ಮಾಂಡೋವಿ, ಜುವಾರಿ ನದಿಗಳಾಗ ಬಾರ್ಜ್ ಮೇಲೆ ಬಂದು ಜಪಾನ್, ಪಶ್ಚಿಮ ಜರ್ಮನಿಗೆ ಹೋಗ್ತಿತ್ತು. ಆ ದುಡ್ಡಿನಾಗ ಹಾಲೆಂಡಿನ ಆಲೂಗಡ್ಡೆ, ಜಪಾನಿನ ಸಿಮೆಂಟ್ ಹಡಗಿನಲೇ ಬರ್ತಿದ್ವು. ದಿಗ್ಬಂಧನ ಆರು ವರ್ಷ ನಡೆದರೂ ಪೋರ್ಚುಗೀಸರು ಮಣಿಯದಿರೋದಕ್ಕ ಇದೂ ಒಂದು ಕಾರಣ. ಕಡೆಗೆ ಬೆಳಗಾವಿ ಕಡೆಯಿಂದ ಸೇನೆ ಹೋಗಬೇಕಾತು. ಡಿಸೆಂಬರ್ 18ಕ್ಕ ಬಂದರಿನೊಳಗ ಭಾರತದ ‘ಬೇತ್ವಾ’, ‘ಬಿಯಾಸ್’ ನೌಕೆಗಳು ಪೋರ್ಚುಗೀಸರ ಯುದ್ಧನೌಕೆ ‘ಅಫೊನ್ಸೊ ದ ಅಲ್ಬುಕರ್ಕ್’ ಮೇಲೆ ಗುಂಡು ಹಾರಿಸಿ ಅದನ್ನ ದಡಕ್ಕ ಹತ್ತಿಸಿದ್ವು. 19ರ ರಾತ್ರಿ ಶರಣಾಗತಿ.

ಉತ್ತರ: ಧಾರವಾಡ ವಕೀಲಿ

ಕಾನೂನು ಒಮ್ಮೆಲೇ ಬದಲಾಗಲಿಲ್ಲ. ಮೊದಲು ಮೇಜರ್ ಜನರಲ್ ಕ್ಯಾಂಡೆತ್ ಅವರ ಮಿಲಿಟರಿ ಆಡಳಿತ. 1962ರಲ್ಲಿ ಗೋವಾವನ್ನು ಕೇಂದ್ರಾಡಳಿತ ಪ್ರದೇಶವಾಗಿ ಸೇರಿಸಿದ ಸಂವಿಧಾನದ 12ನೇ ತಿದ್ದುಪಡಿ. ಅದು ಜಾರಿಯಾದದ್ದು ಹಿಂದಿನ ದಿನಾಂಕದಿಂದ, 20-12-1961ರಿಂದ. ಮಕ್ಕಳು ಈ ಎರಡು ದಿನಾಂಕಗಳನ್ನೂ ಕಲಸುತ್ತಾರೆ, ಬೋರ್ಡಿನ ಮೇಲೆ ಬೇರೆ ಬೇರೆ ಬರೆಯಿರಿ. ಹೊಸ ಕಾನೂನು ಬರುವವರೆಗೆ ಹಳೆಯವೇ ನಡೆಯಲಿ ಎಂದು 1962ರ ಆಡಳಿತ ಕಾಯ್ದೆ ಹೇಳಿತು. ಮದುವೆ, ಆಸ್ತಿ ಹಕ್ಕಿನ ಪೋರ್ಚುಗೀಸ್ ಸಿವಿಲ್ ಕೋಡ್ ಉಳಿದದ್ದು ಹೀಗೆ. ಪೌರತ್ವಕ್ಕೆ ಪ್ರತ್ಯೇಕ ಆದೇಶ: ತಾವು, ಇಲ್ಲವೇ ತಂದೆ-ತಾಯಿ, ಅಜ್ಜ-ಅಜ್ಜಿಯರಲ್ಲಿ ಒಬ್ಬರಾದರೂ ಅಲ್ಲಿ ಹುಟ್ಟಿದ್ದರೆ ಭಾರತೀಯರು, ಬೇಡ ಎನ್ನುವವರು ಗಡುವಿನೊಳಗೆ ಬರೆದುಕೊಡಬೇಕಿತ್ತು. ಪೋರ್ಚುಗೀಸ್ ಹಣ ಎಸ್ಕುಡೊ ಹೋಗಿ ರೂಪಾಯಿ ಬಂತು. ಆದರೆ ಪೋರ್ಚುಗೀಸರ ಬ್ಯಾಂಕಾದ ಬ್ಯಾಂಕೊ ನಾಸಿಯೊನಾಲ್ ಉಲ್ತ್ರಾಮಾರಿನೊದಲ್ಲಿ ಜನ ಒತ್ತೆಯಿಟ್ಟ ಬಂಗಾರ ಲಿಸ್ಬನ್‌ಗೆ ಹೋಗಿತ್ತು, ವಾಪಸ್ ಬಂದದ್ದು 1991ರಲ್ಲಿ. ಇದನ್ನು ಮಕ್ಕಳಿಗೆ ಹೇಳಲೇಬೇಕು, ಮೂವತ್ತು ವರ್ಷ ಕಾದವರು ಸಾಮಾನ್ಯ ಮನೆತನದವರು. ಪೋರ್ಚುಗಲ್ ಭಾರತದ ಹಕ್ಕನ್ನು ಒಪ್ಪಿದ್ದು 1974ರ ಡಿಸೆಂಬರ್ 31ರ ಒಪ್ಪಂದದಲ್ಲಿ, ಅಲ್ಲಿ ಸರ್ವಾಧಿಕಾರ ಬಿದ್ದ ವರ್ಷವೇ.

ನವನಗರ ಮಾಸ್ತರ: ಭಾಳ ಉಪಕಾರ ಆತ್ರಿ. ಆ ಲೈನು ಹುಬ್ಬಳ್ಳಿ ವಿಭಾಗದೊಳಗ ಹೆಂಗ ಬಂತು?

ಘಟ್ಟದ ಲೈನು: ವಿಮೋಚನೆ ನಂತರ ದಕ್ಷಿಣ ರೈಲ್ವೆಗೆ ಸೇರಿತ್ರಿ. 1966ರ ಅಕ್ಟೋಬರ್ 2ಕ್ಕ ಹುಬ್ಬಳ್ಳಿ ವಿಭಾಗ ದಕ್ಷಿಣ ಮಧ್ಯ ರೈಲ್ವೆಗೆ ಹೋತು, 2003ರಿಂದ ನೈರುತ್ಯ ರೈಲ್ವೆ. ಬ್ರಾಡ್‌ಗೇಜ್ ಆದದ್ದು 1990ರ ದಶಕದಾಗ. ಘಟ್ಟದಾಗ ಬ್ಯಾಂಕರ್ ಮಾತ್ರ ಈಗಲೂ ಬೇಕು.