ಸಹಾಯ ಬೇಕು: ಇಂಗ್ಲಿಷಿನಲ್ಲಿ 'ವಚನ' ಪದಕ್ಕೆ ಕ್ಯಾಪಿಟಲ್ ಅಕ್ಷರ ಬೇಕೇ?

ಎಲ್ಲರಿಗೂ ನಮಸ್ಕಾರ. 12ನೆಯ ಶತಮಾನದ ಶರಣರ ಕುರಿತ ನನ್ನ ಲೇಖನವೊಂದನ್ನು ಇಂಗ್ಲಿಷಿಗೆ ಅನುವಾದಿಸುತ್ತಿದ್ದು, ಕ್ಯಾಪಿಟಲ್ ಅಕ್ಷರದ ವಿಷಯದಲ್ಲಿ ಮೂರು ದಿನಗಳಿಂದ ಮುಂದೆ ಸಾಗಲಾಗದೆ ನಿಂತಿದ್ದೇನೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲವಾದ್ದರಿಂದ ಕನ್ನಡದಲ್ಲಿ ಬರೆಯುವಾಗ ಈ ಪ್ರಶ್ನೆ ಎದುರಾಗಿರಲಿಲ್ಲ.

ನಿಘಂಟುಗಳನ್ನೂ ಶೈಲಿ ಕೈಪಿಡಿಗಳನ್ನೂ ನೋಡಿದೆ. ಬೈಬಲ್, ಕುರಾನ್, ಋಗ್ವೇದ ಇವು ಗ್ರಂಥಗಳ ಹೆಸರುಗಳಾದ್ದರಿಂದ ಕ್ಯಾಪಿಟಲ್ ಅಕ್ಷರದಿಂದ ಆರಂಭವಾಗುತ್ತವೆ. ಸಾಮಾನ್ಯವಾಗಿ ಇಟಾಲಿಕ್ಸ್ ಬೇಕಿಲ್ಲ. ವಿಶೇಷಣಗಳಲ್ಲಿ 'ಬಿಬ್ಲಿಕಲ್' ಸಣ್ಣಕ್ಷರದಿಂದಲೂ 'ವೇದಿಕ್', 'ಕುರಾನಿಕ್' ದೊಡ್ಡಕ್ಷರದಿಂದಲೂ ಬರುವುದನ್ನು ಕಂಡಾಗ ಒಂದು ಧರ್ಮದ ಗ್ರಂಥಕ್ಕೆ ಗೌರವ ಕಡಿಮೆಯಾಯಿತೇನೋ ಎಂದು ಮನಸ್ಸು ಅಳುಕಿತಾದರೂ, ಅದು ಬರೀ ಬಳಕೆಯ ರೂಢಿ ಎಂದು ಒಪ್ಪಿಕೊಂಡಿದ್ದೇನೆ.

ತೊಡಕಿರುವುದು 'ವಚನ' ಪದದಲ್ಲಿ. ಕವಿತೆ, ಕೀರ್ತನೆಗಳಂತೆ ಅದೂ ಒಂದು ಸಾಹಿತ್ಯ ಪ್ರಕಾರದ ಹೆಸರಾದ್ದರಿಂದ ಸಣ್ಣ 'ವಿ' ಸಾಕೆನಿಸುತ್ತದೆ. ಆದರೆ ವಚನಗಳನ್ನೇ ಧರ್ಮಗ್ರಂಥವೆಂದು ನಂಬಿದ ಲಿಂಗಾಯತರ ವಿಷಯ ಬರೆಯುವಾಗ, 'ವೇದಗಳು ಮತ್ತು ವಚನಗಳು' ಎಂಬ ಸಾಲಿನಲ್ಲಿ ವೇದಕ್ಕೆ ಮಾತ್ರ ದೊಡ್ಡಕ್ಷರ ಕೊಡಲು ಕೈ ಬರುವುದಿಲ್ಲ. ಹೀಗಾಗಿ ಕರಡಿನ ಒಂದೇ ಪ್ಯಾರಾದಲ್ಲಿ, 'ಬಸವಣ್ಣನವರ ಒಂದು ವಚನ' ಎಂಬಲ್ಲಿ ಸಣ್ಣಕ್ಷರ, ಎರಡು ಸಾಲು ಕೆಳಗೆ ದೊಡ್ಡಕ್ಷರ ಬಂದು ಕಣ್ಣಿಗೆ ಚುಚ್ಚುತ್ತಿದೆ.

ಇಂಗ್ಲಿಷ್ ಸಂಪಾದನೆಯಲ್ಲಿ ಅನುಭವವುಳ್ಳವರು ದಯವಿಟ್ಟು ತಿಳಿಸಿ: ಬಿಡಿ ರಚನೆಗೆ ಸಣ್ಣಕ್ಷರ, ಧರ್ಮಗ್ರಂಥವೆಂಬ ಒಟ್ಟರ್ಥಕ್ಕೆ ದೊಡ್ಡಕ್ಷರ ಎಂದು ಎರಡನ್ನೂ ಉಳಿಸಿಕೊಳ್ಳಬಹುದೇ, ಅಥವಾ ಲೇಖನದುದ್ದಕ್ಕೂ ಒಂದೇ ರೂಪವಿರಬೇಕೇ? ಒಂದೇ ಎಂದಾದರೆ ಯಾವುದು?