ಇಕೆಬಾನ ಕಲಿಕೆ: ಯಾವ ಪರಂಪರೆಯಿಂದ ಆರಂಭಿಸುವುದು?

ತುಂಗಾತೀರ (ಪ್ರಶ್ನೆ)

ಉದ್ಯೋಗದ ನಿಮಿತ್ತ ಒಸಾಕಾದಲ್ಲಿ ನೆಲೆಸಿರುವ ನಾನು, ಇಲ್ಲಿರುವಷ್ಟು ಕಾಲ ಜಪಾನಿನ ಹೂಜೋಡಣೆ ಕಲೆಯಾದ ಇಕೆಬಾನವನ್ನು ಕ್ರಮವಾಗಿ ಕಲಿಯಬೇಕೆಂದಿದ್ದೇನೆ. ಇಕೆನೊಬೊ, ಒಹಾರಾ, ಸೊಗೆತ್ಸು ಈ ಮೂರೂ ಪರಂಪರೆಗಳ ಶಿಕ್ಷಕಿಯರು ಮನೆಯ ಸಮೀಪದಲ್ಲೇ ಇದ್ದಾರೆ. ಸೊಗೆತ್ಸು ತರಗತಿಯೊಂದನ್ನು ಕುಳಿತು ನೋಡಿದೆ. ಹೊಸಬರೆಲ್ಲರೂ ಒಂದೇ ಅಳತೆಯ, ಒಂದೇ ಕೋನದ ವಿನ್ಯಾಸವನ್ನು ಮತ್ತೆ ಮತ್ತೆ ಮಾಡುತ್ತಿದ್ದರು. ಸ್ವಾತಂತ್ರ್ಯಕ್ಕೆ ಹೆಸರಾದ ಪರಂಪರೆಯಲ್ಲಿಯೂ ಇಷ್ಟೊಂದು ಕಟ್ಟುಪಾಡು ಏಕೆ? ಈ ಮೂರರಲ್ಲಿ ಆರಂಭಕ್ಕೆ ಯಾವುದು ಸೂಕ್ತ? ಇನ್ನೊಂದು ವಿಷಯ: ಮನೆಯಲ್ಲಿ ಅಭ್ಯಾಸ ಮಾಡುವಾಗ, ಹೂಕೊಂಬೆಗಳನ್ನು ನಿಲ್ಲಿಸುವ ಮುಳ್ಳುಗಳ ಆಸರೆಯಾದ ಕೆನ್‌ಜಾನ್ ಮೇಲೆ ಚುಚ್ಚಿದ ಕೊಂಬೆ ಸ್ವಲ್ಪ ಬಾಗಿಸಿದರೂ ಮಗುಚಿಕೊಳ್ಳುತ್ತದೆ. ಇದಕ್ಕೆ ಪರಿಹಾರವಿದೆಯೇ?

ಹಸಿರೆಲೆ

ಮೂರೂ ಪರಂಪರೆಗಳು ಹುಟ್ಟಿದ ಕಾಲವನ್ನು ಗಮನಿಸಿದರೆ ಅವುಗಳ ಸ್ವಭಾವ ತಿಳಿಯುತ್ತದೆ. ಇಕೆನೊಬೊ ಅತ್ಯಂತ ಹಳೆಯದು. ಕ್ಯೋಟೋದ ರೊಕ್ಕಾಕುದೊ ದೇವಾಲಯದಲ್ಲಿ ಬುದ್ಧನಿಗೆ ಹೂವು ಅರ್ಪಿಸುತ್ತಿದ್ದ ಅರ್ಚಕರಿಂದ ಬೆಳೆದು ಬಂದದ್ದು. ಆ ಅರ್ಚಕರಲ್ಲೊಬ್ಬರಾದ ಸೆನ್‌ಕೆಯವರ ಹೂಜೋಡಣೆಯನ್ನು ನೋಡಲು ಕ್ಯೋಟೋದ ಜನ ಮುಗಿಬಿದ್ದರೆಂಬ ಉಲ್ಲೇಖ 1462ರ ದಿನಚರಿಯೊಂದರಲ್ಲಿ ಸಿಗುತ್ತದೆ. ಮೇಜಿ ಯುಗದಲ್ಲಿ (1868–1912) ಪಾಶ್ಚಾತ್ಯ ಹೂಗಳು ಜಪಾನಿಗೆ ಬಂದಾಗ, ಅವುಗಳ ಗಿಡ್ಡ ದಂಟಿಗೆ ಹೊಂದುವಂತೆ ಅಗಲವಾದ ತಗ್ಗು ಪಾತ್ರೆಯಲ್ಲಿ ಜೋಡಿಸುವ ಮೋರಿಬಾನ ಶೈಲಿಯನ್ನು ರೂಪಿಸಿದವರು ಒಹಾರಾ ಪರಂಪರೆಯ ಸ್ಥಾಪಕ ಒಹಾರಾ ಉನ್‌ಶಿನ್. ಸೊಗೆತ್ಸುವನ್ನು 1927ರಲ್ಲಿ ತೆಶಿಗಹಾರಾ ಸೋಫು ಸ್ಥಾಪಿಸಿದರು. ಒಣಗಿದ ಬೇರು, ಲೋಹ, ಪ್ಲಾಸ್ಟಿಕ್ ಕೂಡ ಅಲ್ಲಿ ಸಾಮಗ್ರಿಯಾಗಬಲ್ಲವು.

ನೀವು ಕಟ್ಟುಪಾಡು ಎಂದು ಕರೆದದ್ದು ನನಗೆ ಈ ಕಲಿಕೆಯ ಅತ್ಯಮೂಲ್ಯ ಭಾಗವಾಗಿ ಕಾಣುತ್ತದೆ. ಸೊಗೆತ್ಸುವಿನ ಮೂಲ ನೇರ ಶೈಲಿಯನ್ನೇ ನೋಡಿ. 30 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ಆಳದ ಪಾತ್ರೆಯಾದರೆ ಎರಡರ ಮೊತ್ತ 36. ಮಧ್ಯಮ ಗಾತ್ರದ ಜೋಡಣೆಗೆ ಅದರ ಒಂದೂವರೆ ಪಟ್ಟು, ಅಂದರೆ 54 ಸೆಂಟಿಮೀಟರ್, ಮುಖ್ಯ ಕೊಂಬೆಯಾದ ಶಿನ್‌ನ ಉದ್ದ. ಅದರ ಮುಕ್ಕಾಲು ಭಾಗ ಎರಡನೆಯ ಕೊಂಬೆಯಾದ ಸೋಎ, ಸೋಎಯ ಮುಕ್ಕಾಲು ಭಾಗ ಮೂರನೆಯದಾದ ಹಿಕಾಎ. ಲಂಬರೇಖೆಯಿಂದ ಶಿನ್ 10ರಿಂದ 15 ಡಿಗ್ರಿ, ಸೋಎ 45, ಹಿಕಾಎ 75 ಡಿಗ್ರಿ ಬಾಗಿರಬೇಕು, ಮತ್ತು ಮೂರೂ ನೋಡುವವರ ಕಡೆಗೆ ವಾಲಿರಬೇಕು. ಅಳತೆ ನಿಗದಿಯಾಗಿರುವುದರಿಂದಲೇ ಕಣ್ಣು ಕೊಂಬೆಯ ಕಡೆಗೆ ತಿರುಗುತ್ತದೆ: ಯಾವ ಮಗ್ಗುಲು ಬಿಸಿಲಿಗೆ ಮುಖ ಮಾಡಿ ಬೆಳೆದಿತ್ತು, ಯಾವ ಕವಲು ಮುಖ್ಯ ರೇಖೆಯನ್ನು ಮರೆಮಾಡುತ್ತಿದೆ, ಯಾವ ಎಲೆಯನ್ನು ತೆಗೆದರೆ ಮೊಗ್ಗು ಎದ್ದು ಕಾಣುತ್ತದೆ ಎಂಬುದು ಆಗ ತಿಳಿಯತೊಡಗುತ್ತದೆ. ಅನುಭವಿ ಶಿಕ್ಷಕಿಯೊಬ್ಬರು ವಿದ್ಯಾರ್ಥಿಯ ಜೋಡಣೆಯನ್ನು ತಿದ್ದುವಾಗ ಗಮನಿಸಿ. ಅವರು ಸಾಮಾನ್ಯವಾಗಿ ಏನನ್ನೂ ಸೇರಿಸುವುದಿಲ್ಲ, ಒಂದೆರಡು ಎಲೆಗಳನ್ನು ಕತ್ತರಿಸಿ ಕೊಂಬೆಯನ್ನು ಕೊಂಚ ಮುಂದಕ್ಕೆ ತರುತ್ತಾರೆ, ಅಷ್ಟರಲ್ಲೇ ಜೋಡಣೆಗೆ ಆಳ ಬಂದುಬಿಟ್ಟಿರುತ್ತದೆ.

ಆದ್ದರಿಂದ ಪರಂಪರೆಯ ಹೆಸರಿಗಿಂತ ತಿದ್ದುವ ಕೈ ಮುಖ್ಯವೆಂಬುದು ನನ್ನ ದೃಢ ಅಭಿಪ್ರಾಯ. ಮೂವರ ತರಗತಿಗಳನ್ನೂ ನೋಡಿ, ತಿದ್ದಿದ್ದಕ್ಕೆ ಕಾರಣ ಹೇಳುವವರನ್ನು ಆರಿಸಿಕೊಳ್ಳಿ. ನೀವು ಒಸಾಕಾದಲ್ಲಿರುವುದರಿಂದ ನವೆಂಬರ್‌ನಲ್ಲಿ ಇಕೆನೊಬೊದವರು ಕ್ಯೋಟೋದಲ್ಲಿ ನಡೆಸುವ ವಾರ್ಷಿಕ ಪ್ರದರ್ಶನಕ್ಕೂ ಹೋಗಿಬನ್ನಿ. ರೊಕ್ಕಾಕುದೊ ಇರುವುದು ಕರಾಸುಮಾ ಓಯಿಕೆ ನಿಲ್ದಾಣದಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ. ಅಲ್ಲಿ ಇಕೆನೊಬೊದ ಶೈಲಿಗಳಲ್ಲೊಂದಾದ ಶೋಕಾ ಜೋಡಣೆಗಳ ಬುಡವನ್ನು ಬಗ್ಗಿ ನೋಡಿ. ಹಲವು ಕೊಂಬೆಗಳಿದ್ದರೂ ನೀರಿನಿಂದ ಒಂದೇ ಕಾಂಡವಾಗಿ ಮೇಲೆದ್ದಂತೆ ಕಾಣುತ್ತವೆ.

ಕೊಂಬೆರೆಂಬೆ

ಕೊಂಬೆ ಮಗುಚುವ ವಿಚಾರ ಮಾತ್ರ ಹೇಳುತ್ತೇನೆ. ಕೊಂಬೆಯ ಕೆಳತುದಿಯನ್ನು ಓರೆಯಾಗಿ ಕತ್ತರಿಸಿ, ದಪ್ಪವಾಗಿದ್ದರೆ ಬುಡವನ್ನು ಸೀಳಿ, ಮೊದಲು ನೆಟ್ಟಗೆ ನಿಲ್ಲಿಸಿ ಮುಳ್ಳುಗಳ ತಳ ಮುಟ್ಟುವವರೆಗೆ ಒತ್ತಬೇಕು. ಬಳಿಕವೇ ಬುಡವನ್ನು ಹಿಡಿದು ನಿಧಾನವಾಗಿ ಬೇಕಾದ ಕೋನಕ್ಕೆ ವಾಲಿಸಬೇಕು. ಆರಂಭದಲ್ಲೇ ಓರೆಯಾಗಿ ಚುಚ್ಚಿದರೆ ಹಿಡಿತ ಸಿಗುವುದಿಲ್ಲ. ಆದರೂ ಭಾರ ಒಂದೇ ಕಡೆಗೆ ಎಳೆಯುತ್ತಿದ್ದರೆ ಇನ್ನೊಂದು ಕೆನ್‌ಜಾನ್ ಅನ್ನು ತಲೆಕೆಳಗಾಗಿ ಮೊದಲನೆಯದರ ಹಿಂಬದಿಯ ಅಂಚಿನ ಮೇಲೆ ಕೂರಿಸಿ. ದಂಟುಗಳನ್ನು ನೀರಿನೊಳಗೇ ಕತ್ತರಿಸುವ ಅಭ್ಯಾಸವನ್ನೂ ಈಗಲೇ ರೂಢಿಸಿಕೊಳ್ಳಿ. ಗಾಳಿ ಒಳಹೊಕ್ಕರೆ ದಂಟು ನೀರನ್ನು ಹೀರುವುದಿಲ್ಲ. ಸೇವಂತಿಗೆಯ ದಂಟನ್ನಾದರೆ ಕತ್ತರಿಗಿಂತ ನೀರಿನಲ್ಲಿ ಕೈಯಿಂದಲೇ ಮುರಿಯುವುದು ವಾಡಿಕೆ.

ತುಂಗಾತೀರ

ಇಬ್ಬರಿಗೂ ಕೃತಜ್ಞತೆಗಳು. ಊರಿಗೆ ಮರಳಿದ ಮೇಲೂ ಇದನ್ನು ಮುಂದುವರಿಸಬೇಕೆಂಬ ಆಸೆಯಿದೆ. ಪ್ಲಮ್ ಕೊಂಬೆ, ಐರಿಸ್ ಸಿಗದ ಕಡೆ ಅಭ್ಯಾಸ ಹೇಗೆ?

ಮೈಸೂರಿನ ಓದುಗ

ಆಯಾ ಊರಿನಲ್ಲಿ ಆಯಾ ಋತುವಿನಲ್ಲಿ ಬೆಳೆದದ್ದನ್ನು ಬಳಸುವುದೇ ಈ ಕಲೆಯ ಜೀವಾಳ, ಹಾಗಾಗಿ ಚಿಂತಿಸಬೇಡಿ. ಐರಿಸ್ ಬದಲಿಗೆ ಗ್ಲಾಡಿಯೋಲಸ್ ಅಥವಾ ಸುಗಂಧರಾಜದ ನೇರ ದಂಟುಗಳು ಚೆನ್ನಾಗಿ ಒದಗುತ್ತವೆ. ಎಲೆ ಉದುರಿದ ದೇವಕಣಗಿಲೆಯ ಕೊಂಬೆಗೆ ಅಪರೂಪದ ರೇಖೆಯಿದೆ, ಆದರೆ ಕತ್ತರಿಸಿದ ಕಡೆ ಹಾಲು ಸುರಿಯುತ್ತದೆ. ಅದನ್ನು ಪೂರ್ತಿ ತೊಳೆದ ನಂತರವೇ ಬಳಸಿ. ಬೆಂಗಳೂರಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಅಂಗವಾಗಿ ನಡೆಯುವ ಸ್ಪರ್ಧೆಗಳಲ್ಲಿ ಇಕೆಬಾನವೂ ಇರುತ್ತದೆ, ಅಲ್ಲಿ ಕಲಿತವರ ಪರಿಚಯವಾಗುತ್ತದೆ. ಭಾರವಾದ ಒಳ್ಳೆಯ ಕೆನ್‌ಜಾನ್ ಒಂದನ್ನು ಮಾತ್ರ ಜಪಾನಿನಿಂದಲೇ ತನ್ನಿ. ಮುಳ್ಳುಗಳಿರುವುದರಿಂದ ವಿಮಾನದಲ್ಲಿ ಕೈಚೀಲದ ಬದಲು ದೊಡ್ಡ ಪೆಟ್ಟಿಗೆಯಲ್ಲಿ, ದಪ್ಪ ಬಟ್ಟೆ ಸುತ್ತಿ ಇಡಿ.